ಬಾಗಿದ್ದೆಲ್ಲ ಲಾಗ್ ಅಲ್ಲ: ಟೇಬಲ್ ನೋಡಿ ಗುರುತಿಸುವುದು ಹೇಗೆ?

ಪ್ರಶ್ನೆ: ನಾನು ಸಿವಿಲ್ ಐದನೇ ಸೆಮ್ ವಿದ್ಯಾರ್ಥಿ, ಗದಗ ಕಡೆಯವನು. ಸಾಯಿಲ್ ಲ್ಯಾಬ್‌ನಲ್ಲಿ ಎರೆ ಮಣ್ಣಿಗೆ ಲಿಕ್ವಿಡ್ ಲಿಮಿಟ್ ಟೆಸ್ಟ್ (ಮಣ್ಣು ದ್ರವದಂತೆ ಹರಿಯತೊಡಗುವ ತೇವಾಂಶ ತಿಳಿಯುವ ಪರೀಕ್ಷೆ) ಮಾಡಿದೆವು. 16, 20, 25, 31 ಬ್ಲೋಸ್‌ಗೆ (ಮಣ್ಣಿನ ಕಪ್ ಬಡಿದ ಸಲ) ತೇವಾಂಶ ಕ್ರಮವಾಗಿ ಶೇ 63.2, 61.7, 60.0, 58.5 ಬಂತು. ಸೆಮಿಲಾಗ್ ಶೀಟಿನಲ್ಲಿ (ಒಂದು ಅಕ್ಷ ಲಾಗ್ ಅಳತೆಯಲ್ಲಿರುವ ಗ್ರಾಫ್ ಹಾಳೆ) ಬಿಂದು ಹಾಕಿ ಗೆರೆ ಎಳೆದೆ. ವೈವಾದಲ್ಲಿ ಎಕ್ಸ್‌ಟರ್ನಲ್ (ಹೊರಗಿನಿಂದ ಬಂದ ಪರೀಕ್ಷಕರು), ‘ಸೆಮಿಲಾಗ್ ಯಾಕೆ?’ ಅಂದರು. ‘ಇದು ಲಾಗ್ (ಲಾಗರಿದಮ್) ಫಂಕ್ಷನ್ ಸರ್’ ಅಂದೆ. ‘ಟೇಬಲ್‌ನಲ್ಲಿ ಲಾಗ್ ಅಂತ ಎಲ್ಲಿ ಬರೆದಿದೆ?’ ಅಂತ ಮತ್ತೆ ಕೇಳಿದರು. ‘ಮೊದಲು ಜೋರಾಗಿ ಇಳಿದು ಆಮೇಲೆ ನಿಧಾನ ಆಗುತ್ತೆ’ ಅಂದೆ. ನಕ್ಕು ಮುಂದಿನ ಪ್ರಶ್ನೆಗೆ ಹೋದರು. ನನ್ನ ಉತ್ತರ ತಪ್ಪಾ? ಇನ್ನೊಂದು ವಿಷಯ. ನನ್ನ ತಂಗಿ ಸೆಕೆಂಡ್ ಪಿಯುಸಿ. ಅವಳ ಪ್ರಾಕ್ಟೀಸ್ ಶೀಟಿನಲ್ಲೂ ‘ಇವುಗಳಲ್ಲಿ ಲಾಗ್ ಟೇಬಲ್ ಯಾವುದು’ ಅಂತ ಪ್ರಶ್ನೆ ಇದೆ. ‘ಎಕ್ಸ್ ಗುಣಿಸುತ್ತಾ ಹೋಗಬೇಕು, ವೈ ಕೂಡುತ್ತಾ ಹೋಗಬೇಕು’ ಅನ್ನೋ ಶಾರ್ಟ್‌ಕಟ್ ಅವಳಿಗೆ ಗೊತ್ತು. ಆದರೆ ಎಕ್ಸ್ 1, 5, 13, 29 ಮತ್ತು ವೈ 2, 3, 4, 5 ಇರುವ ಟೇಬಲ್‌ಗೆ ಆ ಶಾರ್ಟ್‌ಕಟ್ ಹೊಂದಲ್ಲ. ಉತ್ತರದ ಪಟ್ಟಿಯಲ್ಲಿ ಮಾತ್ರ ಅದು ಲಾಗ್ ಅಂತಲೇ ಇದೆ. ಇದು ಹೇಗೆ?

ಉತ್ತರ: ಎಕ್ಸ್‌ಟರ್ನಲ್ ಕೇಳಿದ್ದು ನ್ಯಾಯವಾದ ಪ್ರಶ್ನೆ. ಎಂಜಿನಿಯರಿಂಗ್ ಮಕ್ಕಳಿಗೆ ಗಣಿತ ಹೇಳಿಕೊಡುವ ನನಗೆ ಈ ‘ಮೊದಲು ಜೋರು, ಆಮೇಲೆ ನಿಧಾನ’ ಅನ್ನುವ ಉತ್ತರ ಹೊಸದೇನಲ್ಲ. ಕ್ಲಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಇದನ್ನೇ ಹೇಳುತ್ತಾರೆ. ಮಾತು ಸುಳ್ಳಲ್ಲ, ಆದರೆ ಸಾಲದು.

ನೀವು ಮತ್ತು ತಂಗಿ ಕೇಳುತ್ತಿರುವುದು ಒಂದೇ ಪ್ರಶ್ನೆಯಂತೆ ಕಂಡರೂ ಅದರೊಳಗೆ ಎರಡಿವೆ. ತಂಗಿಯ ಟೇಬಲ್ ಅನ್ನು ಯಾರೋ ಒಂದು ಸೂತ್ರ ಇಟ್ಟುಕೊಂಡು ತಯಾರಿಸಿದ್ದಾರೆ. ಸೂತ್ರ ಒಳಗಿದೆ ಅನ್ನುವುದು ಖಾತ್ರಿ, ಹುಡುಕಬೇಕು ಅಷ್ಟೇ. ನಿಮ್ಮ ಟೇಬಲ್ ಮಣ್ಣಿನಿಂದ ಬಂದದ್ದು. ಅಲ್ಲಿ ಸೂತ್ರ ಇದೆಯೋ ಇಲ್ಲವೋ ಮೊದಲೇ ಯಾರಿಗೂ ಗೊತ್ತಿಲ್ಲ. ನಾವು ಕೇಳಬಹುದಾದದ್ದು ‘ಈ ಅಂಕಿಗಳಿಗೆ ಲಾಗ್ ಹೊಂದುತ್ತದಾ?’ ಅಂತ ಮಾತ್ರ. ಎರಡಕ್ಕೂ ಪರೀಕ್ಷೆ ಒಂದೇ, ಅದರಿಂದ ಸಿಗುವ ತೀರ್ಪಿನ ತೂಕ ಮಾತ್ರ ಬೇರೆ.

ಮೊದಲು ಆ ಪರೀಕ್ಷೆ. ಒಂದು ಸಣ್ಣ ಟೇಬಲ್ ನೋಡಿ:

ಎಕ್ಸ್: 1, 2, 3, 4, 6, 8
ವೈ: 5, 8, 9.75, 11, 12.75, 14

ಸಾಲಾಗಿ ವೈ ವ್ಯತ್ಯಾಸ ತೆಗೆದರೆ 3, 1.75, 1.25, 1.75, 1.25 ಬರುತ್ತದೆ. ತಲೆಬುಡ ತಿಳಿಯಲ್ಲ. ಈಗ ಎಕ್ಸ್ ದುಪ್ಪಟ್ಟಾಗುವ ಜೋಡಿಗಳನ್ನು ಮಾತ್ರ ಆರಿಸಿ. 1ರಿಂದ 2ಕ್ಕೆ ಹೋದರೆ ವೈ 3 ಏರಿತು. 2ರಿಂದ 4ಕ್ಕೆ 3. 4ರಿಂದ 8ಕ್ಕೆ 3. 3ರಿಂದ 6ಕ್ಕೆ ಹೋದರೂ 9.75 ಇದ್ದದ್ದು 12.75 ಆಯಿತು, ಅಲ್ಲೂ 3. ಎಲ್ಲಿಂದ ಹೊರಟರೂ ಸರಿ, ಎಕ್ಸ್ ದುಪ್ಪಟ್ಟಾದರೆ ವೈಗೆ ಅದೇ 3 ಸೇರುತ್ತದೆ. ಲಾಗ್‌ನ ಗುಟ್ಟು ಇಷ್ಟೇ. ಎಕ್ಸ್ ಎಷ್ಟು ಹೆಚ್ಚಿತು ಅನ್ನುವುದನ್ನು ಲಾಗ್ ನೋಡಲ್ಲ, ಎಷ್ಟು ಪಟ್ಟಾಯಿತು ಅನ್ನುವುದನ್ನು ನೋಡುತ್ತದೆ. ಈ ಟೇಬಲ್‌ನ ಸೂತ್ರ: ವೈ = 5 + 3 × (2 ಆಧಾರದ ಲಾಗ್ ಎಕ್ಸ್). 9.75 ಮತ್ತು 12.75 ಎರಡು ದಶಮಾಂಶಕ್ಕೆ ಮೊಟಕು ಮಾಡಿದ ಅಂಕಿಗಳು.

1614ರಲ್ಲಿ ಸ್ಕಾಟ್ಲೆಂಡಿನ ಜಾನ್ ನೇಪಿಯರ್ ಲಾಗ್ ಅನ್ನು ಲೋಕಕ್ಕೆ ಕೊಟ್ಟಿದ್ದೂ ಟೇಬಲ್ ರೂಪದಲ್ಲೇ. ಅದರ ಹಿಂದಿದ್ದ ಯೋಚನೆ: ಒಂದು ಕಡೆ ಗುಣೋತ್ತರ ಶ್ರೇಢಿ, ಇನ್ನೊಂದು ಕಡೆ ಸಮಾಂತರ ಶ್ರೇಢಿ. ‘ಫಂಕ್ಷನ್’ ಅನ್ನುವ ಮಾತು ಗಣಿತದಲ್ಲಿ ನೆಲೆಯಾಗಿದ್ದು ಆಮೇಲೆ. ಹಾಗಾಗಿ ಟೇಬಲ್ ನೋಡಿ ಲಾಗ್ ಗುರುತಿಸುವುದು ಪರೀಕ್ಷೆಗಾಗಿ ಹುಟ್ಟಿಸಿದ ಲೆಕ್ಕವಲ್ಲ. ಅದರ ಮೂಲ ರೂಪವೇ ಅದು.

ಈಗ ‘ಬಾಗಿದೆ, ಅದಕ್ಕೇ ಲಾಗ್’ ಅನ್ನುವ ನಂಬಿಕೆಗೆ ಬರೋಣ. ವರ್ಗಮೂಲವೂ ಹೀಗೇ ಬಾಗುತ್ತದೆ. ಎಕ್ಸ್ 1, 4, 16 ಇದ್ದಾಗ ವೈ 1, 2, 4. ಎಕ್ಸ್ ಪ್ರತಿ ಸಲ ನಾಲ್ಕು ಪಟ್ಟು. ಆದರೆ ವೈ ಮೊದಲು 1 ಏರಿತು, ಆಮೇಲೆ 2. ಲಾಗ್ ಆಗಿದ್ದರೆ ಎರಡೂ ಸಲ ಒಂದೇ ಏರಿಕೆ ಇರಬೇಕಿತ್ತು. ಇಲ್ಲಿ ಸಮ ಇರುವುದು ವೈಯ ಅನುಪಾತ, ಪ್ರತಿ ಸಲ ಎರಡು ಪಟ್ಟು. ಇಂಥದ್ದಕ್ಕೆ ಪವರ್ ಫಂಕ್ಷನ್ (ಎಕ್ಸ್‌ನ ಯಾವುದೋ ಒಂದು ಘಾತ) ಅನ್ನುತ್ತಾರೆ. ಇನ್ನೊಂದು ಜಾತಿ ಇದೆ, ಒಂದು ಮಿತಿಗೆ ಬಂದು ನಿಲ್ಲುವಂಥದ್ದು. ಎಕ್ಸ್ 1, 2, 4, 8 ಇರಲಿ, ವೈ 2, 6, 8, 9 ಇರಲಿ. ಏರಿಕೆ 4, 2, 1 ಅಂತ ಅರ್ಧರ್ಧ ಆಗುತ್ತಿದೆ. ಇದರ ಸೂತ್ರ 10 ಕಳೆಯುವ 8/ಎಕ್ಸ್. ಇದು 10 ದಾಟಲ್ಲ. ಲಾಗ್ ಎಷ್ಟೇ ನಿಧಾನವಾದರೂ ಎಲ್ಲೂ ನಿಲ್ಲುವುದಿಲ್ಲ. ಗ್ರಾಫ್ ಹಾಕಿ ಕಣ್ಣಳತೆಯಲ್ಲಿ ನೋಡಿದರೆ ಈ ಮೂರೂ ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ. ನಿಮ್ಮ ಉತ್ತರಕ್ಕೆ ಎಕ್ಸ್‌ಟರ್ನಲ್ ನಕ್ಕಿದ್ದು ಇದಕ್ಕೇ ಇರಬೇಕು.

ಇನ್ನು ಕೆಲವು ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ಲಾಗ್ ಅಂದರೆ ಏರಲೇಬೇಕು ಅಂತಿಲ್ಲ. ಲಾಗ್‌ನ ಮುಂದಿರುವ ಗುಣಕ (ಮೇಲಿನ ಸೂತ್ರದ 3ರಂಥದ್ದು) ಋಣವಾದರೆ ಇಳಿಯುತ್ತದೆ, ನಿಮ್ಮ ಮಣ್ಣಿನಂತೆ. 1ಕ್ಕೆ 0 ಬರಲೇಬೇಕು ಅಂತಲೂ ಇಲ್ಲ. ಮೇಲಿನ ಟೇಬಲ್‌ನಲ್ಲಿ 1ಕ್ಕೆ 5 ಇತ್ತಲ್ವಾ? ಆಧಾರ 2ಓ 10ಓ ಅಂತ ತಲೆ ಕೆಡಿಸಿಕೊಳ್ಳಬೇಡಿ. ಆಧಾರ ಬದಲಾದರೆ ಮುಂದಿನ ಗುಣಕ ಮಾತ್ರ ಬದಲಾಗುತ್ತದೆ, ಫಂಕ್ಷನ್ ಅದೇ. ಮತ್ತೆ, ಎಕ್ಸ್ 0, 1, 2, 3 ಹೋಗಿ ವೈ 1, 3, 9, 27 ಹೋದರೆ ಅದು ಉಲ್ಟಾ, ಎಕ್ಸ್‌ಪೊನೆನ್ಶಿಯಲ್. ಅವಸರದಲ್ಲಿ ಮಕ್ಕಳು ಇದನ್ನೇ ಲಾಗ್ ಅಂತ ಟಿಕ್ ಮಾಡಿ ಬರುತ್ತಾರೆ.

ತಂಗಿಯ ಟೇಬಲ್ ಇದಕ್ಕಿಂತ ಸ್ವಲ್ಪ ಹಟಮಾರಿ. ಎಕ್ಸ್ 1, 5, 13, 29. ಅನುಪಾತ ತೆಗೆದರೆ 5, ಆಮೇಲೆ 2.6, ಆಮೇಲೆ ಸುಮಾರು 2.23. ಶಾರ್ಟ್‌ಕಟ್ ಇಲ್ಲಿ ಕೈಕೊಡುತ್ತದೆ. ಆದರೆ ವೈ ಪ್ರತಿ ಸಲ 1 ಏರುತ್ತಿದೆ. ಹಾಗಾದಾಗ ಎಕ್ಸ್‌ನ ವ್ಯತ್ಯಾಸ ನೋಡಬೇಕು: 4, 8, 16. ವ್ಯತ್ಯಾಸಗಳು ದುಪ್ಪಟ್ಟಾಗುತ್ತಿವೆ. ಅಂದರೆ ಎಕ್ಸ್‌ಗೆ ಯಾವುದೋ ಒಂದು ಸಂಖ್ಯೆ ಸೇರಿಸಿದರೆ ಗುಣೋತ್ತರ ಶ್ರೇಢಿ ಸಿಗುತ್ತದೆ. ಆ ಸಂಖ್ಯೆ ಯಾವುದು? ದುಪ್ಪಟ್ಟು ಅಂತ ಗೊತ್ತಾಯಿತಲ್ಲ, 5ಕ್ಕೆ ಅದನ್ನು ಸೇರಿಸಿದರೆ ಬರುವುದು 1ಕ್ಕೆ ಸೇರಿಸಿ ಬಂದದ್ದರ ಎರಡರಷ್ಟಿರಬೇಕು. ಲೆಕ್ಕ ಮಾಡಿದರೆ 3. ಸೇರಿಸಿ ನೋಡಿ: 4, 8, 16, 32. ವೈ 2, 3, 4, 5. ಅಂದರೆ ವೈ ಅನ್ನುವುದು ಎಕ್ಸ್ ಕೂಡಿಸು 3ರ ಲಾಗ್, ಆಧಾರ 2. ಉತ್ತರದ ಪಟ್ಟಿ ಸರಿಯಾಗಿಯೇ ಇದೆ. ಇದು ಪಕ್ಕಕ್ಕೆ ಸರಿದ ಲಾಗ್.

ಇದರಿಂದ ಇನ್ನೊಂದು ನಂಬಿಕೆಯೂ ಬಿದ್ದುಹೋಗುತ್ತದೆ. ‘ಎಕ್ಸ್‌ನಲ್ಲಿ ಸೊನ್ನೆಯೋ ಋಣಸಂಖ್ಯೆಯೋ ಇದ್ದರೆ ಅದು ಲಾಗ್ ಅಲ್ಲ’ ಅಂತ ಬಹಳ ಮಂದಿ ಕಣ್ಣು ಮುಚ್ಚಿ ಹೊಡೆದುಹಾಕುತ್ತಾರೆ. ಪಕ್ಕಕ್ಕೆ ಸರಿಯದ ಲಾಗ್‌ಗೆ ಆ ಮಾತು ನಿಜ. ಆದರೆ ತಂಗಿಯ ಈ ಫಂಕ್ಷನ್‌ನಲ್ಲಿ ಎಕ್ಸ್ ಮೈನಸ್ 2 ಇದ್ದರೆ ವೈ 0, ಮೈನಸ್ 1 ಇದ್ದರೆ 1. ಯಾವ ತೊಂದರೆಯೂ ಇಲ್ಲ.

ಈ ದಾರಿಯಲ್ಲಿ ಒಂದು ಗುಂಡಿ ಇದೆ, ತಂಗಿಗೆ ಹೇಳಿ. ಟೇಬಲ್‌ನಲ್ಲಿ ಮೂರೇ ಸಾಲಿದ್ದರೆ ಎಕ್ಸ್‌ಗೆ ಎರಡೇ ವ್ಯತ್ಯಾಸ ಸಿಗುತ್ತವೆ. ಎರಡು ಅಂಕಿಗಳ ನಡುವೆ ಯಾವಾಗಲೂ ಏನೋ ಒಂದು ಅನುಪಾತ ಇದ್ದೇ ಇರುತ್ತದೆ. ಹಾಗಾಗಿ ಬಾಗಿದ ಮೂರು ಬಿಂದು ಕೊಟ್ಟರೆ ಸರಿದ ಲಾಗ್ ಒಂದನ್ನು ಬಹುಮಟ್ಟಿಗೆ ಹೊಂದಿಸಿಬಿಡಬಹುದು. ಅದು ಏನನ್ನೂ ಸಾಬೀತು ಮಾಡಲ್ಲ. ಸರಿದ ಲಾಗ್ ಅನ್ನಲು ಕನಿಷ್ಠ ನಾಲ್ಕು ಸಾಲು ಬೇಕು. ಪಕ್ಕಕ್ಕೆ ಸರಿಯದ ಲಾಗ್‌ಗೆ ಮೂರು ಸಾಕು. ಎರಡೇ ಇದ್ದರೆ ಬಾಯಿ ಬಿಡಬೇಡಿ.

ಇನ್ನು ನಿಮ್ಮ ಮಣ್ಣಿಗೆ ಬರೋಣ. ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ಮಣ್ಣನ್ನು 425 ಮೈಕ್ರಾನ್ ಜರಡಿ ಹಿಡಿದು, ನೀರು ಹಾಕಿ ಕಲಸಿ, ಕಾಸಾಗ್ರಾಂಡೆ ಕಪ್ಪಿನಲ್ಲಿ ಹರಡಿ, ನಡುವೆ ಗ್ರೂವ್ ಎಳೆಯುತ್ತಾರೆ. ಕಪ್ 10 ಮಿಲಿಮೀಟರ್ ಎತ್ತರದಿಂದ ಸೆಕೆಂಡಿಗೆ ಎರಡರಂತೆ ಬಡಿಯುತ್ತದೆ. ಗ್ರೂವ್ ತಳದಲ್ಲಿ 12 ಮಿಲಿಮೀಟರ್ ಉದ್ದ ಕೂಡಿಕೊಳ್ಳುವಷ್ಟರಲ್ಲಿ ಎಷ್ಟು ಬ್ಲೋಸ್ ಆಯಿತು ಅಂತ ಎಣಿಸುತ್ತಾರೆ. ನೀರು ಜಾಸ್ತಿಯಾದರೆ ಬ್ಲೋಸ್ ಕಮ್ಮಿ. 25 ಬ್ಲೋಸ್‌ಗೆ ಕೂಡಿಕೊಳ್ಳುವ ಮಣ್ಣಿನ ತೇವಾಂಶವೇ ಲಿಕ್ವಿಡ್ ಲಿಮಿಟ್.

ನಿಮ್ಮ ಅದೃಷ್ಟ ನೋಡಿ. 16, 20, 25, 31. ಪ್ರತಿ ಹೆಜ್ಜೆಯೂ 1.25 ಪಟ್ಟು. ಕೊನೆಯದು ಮಾತ್ರ 1.24. ಲ್ಯಾಬಿನಲ್ಲಿ ಹೀಗೆ ತಾನಾಗಿ ಬರುವುದು ಅಪರೂಪ. ತೇವಾಂಶದ ಇಳಿಕೆ 1.5, 1.7, 1.5. ಲಾಗ್ ಆಗಿದ್ದರೆ ಮೂರೂ ಸಮ ಇರಬೇಕು. ಇಲ್ಲಿ 0.2ರ ಏರುಪೇರಿದೆ. ಅದು ಪರವಾಗಿಲ್ಲ. ಒಂದು ದಶಮಾಂಶಕ್ಕೆ ಮೊಟಕು ಮಾಡಿದ ಅಂಕಿಗಳ ವ್ಯತ್ಯಾಸದಲ್ಲಿ 0.1 ತಪ್ಪು ಸುಮ್ನೆ ಬರುತ್ತದೆ. ಗ್ರೂವ್ ಕೂಡಿತೋ ಇಲ್ಲವೋ ಅಂತ ಕಣ್ಣಲ್ಲಿ ನಿರ್ಧರಿಸುವುದರ ತಪ್ಪು ಅದಕ್ಕಿಂತ ದೊಡ್ಡದು.

ಬಾಗುವುದು ಯಾಕೆ ಅನ್ನುವುದೂ ಇಲ್ಲೇ ಕಾಣುತ್ತದೆ. 16ಕ್ಕೆ ಒಂದು ಬ್ಲೋ ಸೇರಿದರೆ ಶೇ 6ರಷ್ಟು ಹೆಚ್ಚಾಯಿತು. 25ಕ್ಕೆ ಒಂದು ಸೇರಿದರೆ ಶೇ 4 ಮಾತ್ರ. ಬ್ಲೋ ಅದೇ ಒಂದು, ಪಟ್ಟಿನ ಲೆಕ್ಕದಲ್ಲಿ ಅದರ ಬೆಲೆ ಇಳಿಯುತ್ತಾ ಹೋಗುತ್ತದೆ. ನಿಮ್ಮ ಟೇಬಲ್‌ನಲ್ಲಿ ಒಂದು ಬ್ಲೋಗೆ ಇಳಿಕೆ ಮೊದಲು 0.375, ಆಮೇಲೆ 0.34, ಆಮೇಲೆ 0.25.

ಬ್ಲೋಸ್ ಹೀಗೆ ಸಮ ಅನುಪಾತದಲ್ಲಿ ಸಿಗದಿದ್ದರೆ? ಆಗ ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಪ್ರತಿ ಅಕ್ಕಪಕ್ಕದ ಜೋಡಿಗೂ ತೇವಾಂಶದ ವ್ಯತ್ಯಾಸವನ್ನು ಬ್ಲೋಸ್ ಲಾಗ್‌ಗಳ ವ್ಯತ್ಯಾಸದಿಂದ ಭಾಗಿಸಿ. ನಿಮ್ಮದಕ್ಕೆ 15.5, 17.5, 16.1 ಬರುತ್ತದೆ. ಒಂದೇ ಸುತ್ತಮುತ್ತ ಇವೆ, ಒಂದೇ ದಿಕ್ಕಿಗೆ ಏರುತ್ತಲೋ ಇಳಿಯುತ್ತಲೋ ಹೋಗುತ್ತಿಲ್ಲ. ನಾನು ಮುಖ್ಯವಾಗಿ ನೋಡುವುದು ಈ ಕೊನೆಯ ವಿಷಯವನ್ನೇ. ಏರುಪೇರು ಇರಲಿ, ಅದಕ್ಕೊಂದು ದಿಕ್ಕು ಇರಬಾರದು. ಹೋಲಿಕೆಗೆ ಲಾಗ್ ಬದಲು 1/ಬ್ಲೋಸ್ ಹಾಕಿ ನೋಡಿ. 120, 170, 194 ಅಂತ ಏರುತ್ತಲೇ ಹೋಗುತ್ತದೆ. ಅಂದರೆ 1/ಎಕ್ಸ್ ಇಲ್ಲಿ ಹೊಂದಲ್ಲ ಅಂತ ಸಂಶಯಪಡಬಹುದು.

ಇಲ್ಲಿಗೆ ‘ಹಾಗಾದರೆ ಲಾಗ್ ಖಚಿತ’ ಅಂತ ಹೊರಡಬೇಡಿ. ಅದೇ ತೇವಾಂಶಗಳ ಅನುಪಾತವನ್ನೂ ತೆಗೆಯಿರಿ. 63.2 ಭಾಗ 61.7 ಅಂದರೆ 1.024. ಮುಂದಿನದು 1.028. ಅದರ ಮುಂದಿನದು 1.026. ಇವೂ ಸಮವೇ! ವರ್ಗಮೂಲದ ಜಾತಿಯ ಪವರ್ ಫಂಕ್ಷನ್‌ಗೆ ಇಟ್ಟ ಪರೀಕ್ಷೆಯನ್ನೂ ನಿಮ್ಮ ಟೇಬಲ್ ಪಾಸು ಮಾಡಿಬಿಟ್ಟಿತು.

ಇದು ಬರೀ ಗಣಿತದವರ ತಕರಾರು ಅಂದುಕೊಳ್ಳಬೇಡಿ. ಇದೇ ಲಿಕ್ವಿಡ್ ಲಿಮಿಟ್‌ಗೆ ಒನ್ ಪಾಯಿಂಟ್ ಮೆಥಡ್ ಅಂತ ಇದೆ, ಗೆರೆ ಎಳೆಯದೆ ಸೂತ್ರದಿಂದಲೇ ಉತ್ತರ ತೆಗೆಯುವುದು. ಅಮೆರಿಕದ ಎಎಸ್‌ಟಿಎಂ ಮಾನಕದಲ್ಲಿ ಅದರ ಸೂತ್ರ: ತೇವಾಂಶವನ್ನು (ಬ್ಲೋಸ್/25)ರ 0.121ನೇ ಘಾತದಿಂದ ಗುಣಿಸಿ. ಅದು ಅಪ್ಪಟ ಪವರ್ ಫಂಕ್ಷನ್. ನೀವು ಸೆಮಿಲಾಗ್‌ನಲ್ಲಿ ಎಳೆದ ಗೆರೆ, ಅಂದರೆ ಫ್ಲೋ ಕರ್ವ್, ಲಾಗ್. ಒಂದೇ ಕಪ್, ಒಂದೇ ಮಣ್ಣು, ಎರಡು ಬೇರೆ ಫಂಕ್ಷನ್. ಎರಡನ್ನೂ ಎಂಜಿನಿಯರುಗಳು ದಿನಾ ಬಳಸುತ್ತಾರೆ, ಯಾವ ಜಗಳವೂ ಇಲ್ಲ. ನಿಮ್ಮ ಅಂಕಿಗಳಿಗೆ ಪವರ್ ಹೊಂದಿಸಿ ನೋಡಿದೆ, ಘಾತ (ಋಣ ಚಿಹ್ನೆ ಬಿಟ್ಟು) ಸುಮಾರು 0.118 ಬಂತು. 0.121ರ ಪಕ್ಕದಲ್ಲೇ ಇದೆ.

ಜಗಳ ಯಾಕಿಲ್ಲ ಅಂದರೆ ಟೇಬಲ್ ಇಕ್ಕಟ್ಟಾಗಿದೆ. 15ರಿಂದ 35 ಬ್ಲೋಸ್ ಒಳಗೆ ಮಾಡಬೇಕು ಅನ್ನುವುದು ಪದ್ಧತಿ. ಅಂದರೆ ಮೊದಲಿಂದ ಕೊನೆಗೆ ಎರಡೂಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನಿಮ್ಮದು ಎರಡು ಪಟ್ಟೂ ಇಲ್ಲ. ಸೆಮಿಲಾಗ್ ಶೀಟಿನ ಒಂದು ಸೈಕಲ್‌ನಲ್ಲಿ (ಹತ್ತು ಪಟ್ಟಿನ ಅಂತರ) ಮೂರನೇ ಒಂದು ಭಾಗವನ್ನೂ ನಿಮ್ಮ ಬಿಂದುಗಳು ತುಂಬಿಲ್ಲ. ಇಷ್ಟು ಸಣ್ಣ ಜಾಗದಲ್ಲಿ ಲಾಗ್ ಮತ್ತು ಪವರ್ ಒಂದರ ಮೇಲೊಂದು ಮಲಗಿರುತ್ತವೆ. ನಿಮ್ಮ ಅಂಕಿಗಳಿಗೆ ಎರಡನ್ನೂ ಹೊಂದಿಸಿದರೆ 15 ಬ್ಲೋಸ್‌ಗೆ ಲಾಗ್ 63.69 ಹೇಳುತ್ತದೆ, ಪವರ್ 63.74. 35ಕ್ಕೆ 57.63 ಮತ್ತು 57.69. ಯಾವ ಲ್ಯಾಬಿನ ಓವನ್ ಮತ್ತು ತಕ್ಕಡಿಯೂ ಈ ವ್ಯತ್ಯಾಸವನ್ನು ಹಿಡಿಯಲಾರದು. 25ಕ್ಕೆ ಎರಡೂ ಶೇ 60.0 ಅನ್ನುತ್ತವೆ. ನಿಮ್ಮ ಲಿಕ್ವಿಡ್ ಲಿಮಿಟ್ ಉತ್ತರಕ್ಕೆ ಹಾಗಾಗಿ ಯಾವ ಧಕ್ಕೆಯೂ ಇಲ್ಲ.

ಟೇಬಲ್ ನೋಡುವಾಗ ನನ್ನ ಮೊದಲ ಕಣ್ಣು ಹೋಗುವುದೇ ಇಲ್ಲಿಗೆ. ಎಷ್ಟು ಸಾಲಿದೆ ಅನ್ನುವುದಕ್ಕಿಂತ, ಕೊನೆಯ ಎಕ್ಸ್ ಮೊದಲ ಎಕ್ಸ್‌ನ ಎಷ್ಟು ಪಟ್ಟು ಅನ್ನುವುದು ಮುಖ್ಯ. 16 ಮತ್ತು 31ರ ನಡುವೆ ಇನ್ನೂ ಹತ್ತು ರೀಡಿಂಗ್ ತೆಗೆದರೂ ಈ ಪ್ರಶ್ನೆ ಬಗೆಹರಿಯಲ್ಲ. ಎಕ್ಸ್ ನೂರು ಪಟ್ಟು ಹರಡಿದ್ದರೆ ನಾಲ್ಕೇ ರೀಡಿಂಗ್ ಬಹಳ ಹೇಳುತ್ತವೆ.

ಎಕ್ಸೆಲ್ ಕೇಳಿದರೆ ಆಗಲ್ವಾ ಅಂತ ನೀವು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಟ್ರೆಂಡ್‌ಲೈನ್ ಹಾಕಿ ಆರ್ ಸ್ಕ್ವೇರ್ (ಗೆರೆ ಬಿಂದುಗಳಿಗೆ ಎಷ್ಟು ಹೊಂದಿತು ಅನ್ನುವ ಅಂಕಿ, 1 ಅಂದರೆ ಪೂರ್ತಿ) ನೋಡುವ ದಾರಿ ಸುಲಭ, ಅಪಾಯವೂ ಅಲ್ಲೇ ಇದೆ. ನಿಮ್ಮ ನಾಲ್ಕು ಬಿಂದುಗಳಿಗೆ ಸಾದಾ ಸರಳರೇಖೆ ಹಾಕಿದರೂ ಆರ್ ಸ್ಕ್ವೇರ್ 0.991 ಬರುತ್ತದೆ. ಲಾಗ್‌ಗೆ 0.9995. ಪವರ್‌ಗೆ 0.9992. ರೆಕಾರ್ಡಿನಲ್ಲಿ ‘0.99 ಬಂತು, ಆದ್ದರಿಂದ ಲಾಗ್’ ಅಂತ ಬರೆದವರು ಸರಳರೇಖೆಗೂ ಅದೇ ಸರ್ಟಿಫಿಕೇಟ್ ಕೊಟ್ಟಂತಾಯಿತು. ಲಾಗ್ ಮತ್ತು ಪವರ್ ನಡುವಿನ 0.0003ಕ್ಕೆ ಅರ್ಥವೇ ಇಲ್ಲ. ಒಂದು ತೇವಾಂಶ 0.2 ಅತ್ತಿತ್ತ ಆದರೆ ಗೆದ್ದವರು ಸೋಲಬಹುದು. ಎಕ್ಸೆಲ್ ಬಳಸಿ, ಬೇಡ ಅನ್ನಲ್ಲ. ಆದರೆ ಗೆರೆಯಿಂದ ಪ್ರತಿ ಬಿಂದು ಎಷ್ಟು ಮೇಲೆ, ಎಷ್ಟು ಕೆಳಗೆ ಅಂತಲೂ ನೋಡಿ. ಸರಳರೇಖೆ ಹಾಕಿದಾಗ ಎರಡು ತುದಿಗಳು ಗೆರೆಯ ಮೇಲೆ, ನಡುವಿನವು ಕೆಳಗೆ ಕೂರುತ್ತವೆ. ಅಂಥ ಕ್ರಮ ಕಂಡರೆ ಆ ಗೆರೆ ತಪ್ಪು, ಆರ್ ಸ್ಕ್ವೇರ್ ಏನೇ ಹೇಳಲಿ.

ಸೆಮಿಲಾಗ್ ಶೀಟಿಗೂ ಇದೇ ಮಾತು. ಲಾಗ್ ಫಂಕ್ಷನ್ ಅದರ ಮೇಲೆ ನೇರ ಗೆರೆ ಆಗುತ್ತದೆ, ನಿಜ. ಆದರೆ ಇಕ್ಕಟ್ಟಾದ ಟೇಬಲ್ ಯಾವ ಶೀಟಿನ ಮೇಲೆ ಹಾಕಿದರೂ ಬಹುತೇಕ ನೇರವಾಗಿಯೇ ಕಾಣುತ್ತದೆ. ಪೆನ್ಸಿಲ್ ಮೊನೆಯ ದಪ್ಪದಲ್ಲಿ ಎಲ್ಲಾ ತಪ್ಪೂ ಮುಚ್ಚಿಹೋಗುತ್ತದೆ.

ಹಾಗಾದರೆ ವೈವಾದಲ್ಲಿ ಏನು ಹೇಳಬೇಕಿತ್ತು? ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ: ‘ಸರ್, ಬ್ಲೋಸ್ 1.25 ಪಟ್ಟು ಏರಿದಾಗೆಲ್ಲ ತೇವಾಂಶ ಸುಮಾರು 1.6 ಇಳಿದಿದೆ. ಇದು ಲಾಗ್‌ಗೆ ಹೊಂದುತ್ತದೆ. ಪವರ್ ಫಂಕ್ಷನ್ ಕೂಡ ಇಷ್ಟೇ ಚೆನ್ನಾಗಿ ಹೊಂದುತ್ತದೆ. ಲಾಗ್ ತೆಗೆದುಕೊಂಡಿದ್ದು ಗೆರೆ ನೇರ ಬರಲಿ, 25ರಲ್ಲಿ ಓದಲು ಅನುಕೂಲವಾಗಲಿ ಅಂತ. ಮಣ್ಣು ಪರೀಕ್ಷೆಯ ಭಾರತೀಯ ಮಾನಕ ಐಎಸ್ 2720ರ ಪದ್ಧತಿಯೂ ಅದೇ.’ ಇಷ್ಟು ಹೇಳಿದರೆ ಯಾವ ಎಕ್ಸ್‌ಟರ್ನಲ್ ಕೂಡ ನಗಲಾರರು. ಕೆಲವರು ‘ಪವರ್ ಯಾಕೆ ತಂದೆ’ ಅಂತ ಎಳೆಯಬಹುದು, ಆಗ ಒನ್ ಪಾಯಿಂಟ್ ಮೆಥಡ್ ಹೆಸರು ಹೇಳಿ.

ತಂಗಿ ಮಾತ್ರ ಪರೀಕ್ಷೆಯಲ್ಲಿ ಇಷ್ಟೆಲ್ಲ ಅನುಮಾನಪಡಬೇಕಿಲ್ಲ. ಅವಳ ಅಂಕಿಗಳಲ್ಲಿ ಅಳತೆಯ ತಪ್ಪಿಲ್ಲ, ಆಯ್ಕೆ ನಾಲ್ಕೇ. ಎಕ್ಸ್ ಸಮ ಪಟ್ಟು ಏರುವ ಜೋಡಿ ಹುಡುಕಲಿ. ವೈ ವ್ಯತ್ಯಾಸ ಸಮ ಬಂದರೆ ಲಾಗ್, ವೈ ಅನುಪಾತ ಸಮ ಬಂದರೆ ಪವರ್. ಎರಡೂ ಇಲ್ಲದೆ ವೈ ಸಮನಾಗಿ ಹೆಜ್ಜೆ ಹಾಕುತ್ತಿದ್ದರೆ ಎಕ್ಸ್‌ನ ವ್ಯತ್ಯಾಸ ನೋಡಲಿ. ನಾಲ್ಕು ಸಾಲಿನ ಒಂದು ಟೇಬಲ್‌ಗೆ ಒಂದು ನಿಮಿಷ ಸಾಕು.

ನಿಮಗೆ ಅಪಾಯ ಇರುವುದು ಗೆರೆಯನ್ನು ಬಿಂದುಗಳಿಂದಾಚೆ ಎಳೆದಾಗ. ಅದೇ ಲಾಗ್ ಗೆರೆಯನ್ನು 1 ಬ್ಲೋ ತನಕ ಎಳೆದರೆ ತೇವಾಂಶ ಸುಮಾರು 83 ಬರುತ್ತದೆ. ಪವರ್ ಪ್ರಕಾರ ಸುಮಾರು 88. ಐದರಷ್ಟು ಅಂತರ! ಯಾವುದು ಸರಿ ಅಂತ ನಿಮ್ಮ ಟೇಬಲ್ ಹೇಳಲಾರದು. ಫ್ಲೋ ಇಂಡೆಕ್ಸ್ ಓದುವಾಗ ಇದು ನೆನಪಿರಲಿ. ಅದಕ್ಕೆ ಗೆರೆಯನ್ನು 10ರಿಂದ 100 ಬ್ಲೋಸ್ ತನಕ ಉದ್ದ ಮಾಡಿ, 66.6ರಲ್ಲಿ 50.1 ಕಳೆದು 16.5 ಅಂತ ಬರೆಯುತ್ತೀರಿ. ಅದು ಗೆರೆಯ ಓರೆ ಎಷ್ಟು ಅನ್ನುವ ಲೆಕ್ಕ ಅಷ್ಟೇ. 100 ಬ್ಲೋಸ್‌ಗೆ ನಿಮ್ಮ ಮಣ್ಣಿನಲ್ಲಿ ನಿಜವಾಗಿ ಶೇ 50.1 ನೀರಿರುತ್ತದೆ ಅಂತ ಅದರ ಅರ್ಥವಲ್ಲ. ರೆಕಾರ್ಡಿನಲ್ಲಿ 16ರಿಂದ 31ರ ತನಕ ಗಟ್ಟಿ ಗೆರೆ ಎಳೆಯಿರಿ, ಆಚೀಚೆಗೆ ಚುಕ್ಕಿ ಗೆರೆ ಹಾಕಿ.